ಬಂಡೆಯ ಚಿತ್ರಗಳನ್ನು ಮುಟ್ಟದಿರೋಣ

ದಕ್ಷಿಣ ಆಫ್ರಿಕದ ಡ್ರಾಕೆನ್ಸ್‌ಬರ್ಗ್ ಪರ್ವತಗಳಲ್ಲಿ, ಕಾಂಬರ್ಗ್ ಎಂಬಲ್ಲಿಂದ ಗುಡ್ಡವನ್ನೇರಿ ನಡೆದರೆ ಗೇಮ್ ಪಾಸ್ ಎಂಬ ಬಂಡೆಯಾಸರೆ ಸಿಕ್ಕುವುದು. ಅದರ ಗೋಡೆಯ ಮೇಲೆ ಸಾನ್ ಜನರು ಎಲ್ಯಾಂಡ್ ಎಂಬ ಹೆಬ್ಬುಲ್ಲೆಗಳನ್ನು ಚಿತ್ರಿಸಿರುವರು. ಒಂದೆಡೆ, ಸಾಯುತ್ತಿರುವ ಹುಲ್ಲೆಯೊಂದು ಹಿಂಗಾಲುಗಳನ್ನು ಹೆಣೆದುಕೊಂಡು ತಲೆ ತಗ್ಗಿಸಿದೆ. ಅದರ ಬಾಲ ಹಿಡಿದವನ ಕಾಲುಗಳೂ ಹಾಗೆಯೇ ಹೆಣೆದಿವೆ. ಮೊದಲ ನೋಟಕ್ಕೆ ಇದು ಬೇಟೆಯ ಚಿತ್ರವೆನಿಸುವುದು. ಆದರೆ 1870ರ ದಶಕದಲ್ಲಿ ಬ್ಲೀಕ್ ಮತ್ತು ಲಾಯ್ಡ್ ಅವರು ಸಾನ್ ಜನರಿಂದಲೇ ಕೇಳಿ ಬರೆದುಕೊಂಡ ಸಂಗತಿಗಳ ನೆರವಿನಿಂದ ವಿದ್ವಾಂಸ ಲೂಯಿಸ್-ವಿಲಿಯಮ್ಸ್ ಇದರಲ್ಲಿ ಆವೇಶಗೊಂಡ ಮಾಂತ್ರಿಕನನ್ನು ಗುರುತಿಸಿದರು.

ಹಿಂದೆ ನೋಡಬಂದವರು ಬಣ್ಣ ಹೊಳೆಯಲೆಂದು ಇಂತಹ ಚಿತ್ರಗಳ ಮೇಲೆ ನೀರೆರಚುತ್ತಿದ್ದುದುಂಟು. ನೀರು ಬಂಡೆಯೊಳಗಿನ ಲವಣಗಳನ್ನು ಕರಗಿಸುವುದು; ಒಣಗಿದಾಗ ಅವು ಚಿತ್ರದ ಮೇಲೆ ಪೊರೆಗಟ್ಟುವುವು. ಕ್ಷಣದ ಹೊಳಪಿಗಾಗಿ ಶತಮಾನಗಳ ಕೃತಿ ಮಾಸುವುದು. ಅದನ್ನು ಮತ್ತೆ ಬರೆಯಬಲ್ಲ ಕೈಗಳು ಈಗ ಅಲ್ಲಿಲ್ಲ: 19ನೆಯ ಶತಮಾನದಲ್ಲಿ ವಲಸೆಗಾರರ ಬಂದೂಕುಗಳು ಆ ಸಮಾಜವನ್ನು ಒಡೆದು ಚದುರಿಸಿದವು.

ಮಾರ್ಗದರ್ಶಿಯೊಡನೆಯೇ ಹೋಗಬೇಕೆಂಬ ಅಲ್ಲಿಯ ಕಟ್ಟಳೆ ತರುಣರಿಗೆ ಕಿರುಕುಳವೆನಿಸಬಹುದು. ನನ್ನ ಮತದಲ್ಲಿ ಅದು ನ್ಯಾಯವಾದುದೇ. ಬೆಟ್ಟವನ್ನೇರಿದ ಶ್ರಮಕ್ಕೆ ದೂರದಲ್ಲಿ ನಿಂತು ಕಣ್ತುಂಬ ನೋಡುವುದೇ ತಕ್ಕ ಫಲ.