ಬ್ಯಾನರ್ ಇಳಿದ ಮೇಲೂ ಮಾಳ ಕಾಯುವವರು ಬೇಕು

ಅಕ್ಟೋಬರ್ ಮೊದಲ ವಾರ ಬಂತೆಂದರೆ ಸೊಲ್ಲಾಪುರದಲ್ಲಿ ವನ್ಯಜೀವಿ ಸಪ್ತಾಹದ ಗದ್ದಲ ಶುರು. ಶಾಲೆ ಮಕ್ಕಳ ಪ್ರಭಾತಫೇರಿ, ಚಿತ್ರಕಲಾ ಸ್ಪರ್ಧೆ, ಭಾಷಣ, ಬಹುಮಾನ. ಅದು ಮುಗಿದು ತಿಂಗಳಾಗುವಷ್ಟರಲ್ಲಿ ನವೆಂಬರ್ 5ರಿಂದ 12ರವರೆಗೆ ಪಕ್ಷಿ ಸಪ್ತಾಹ. ಬೇಸಿಗೆ ಬಂದರೆ ಬುದ್ಧ ಪೂರ್ಣಿಮೆಯ ರಾತ್ರಿ ನೀರಿನ ಹೊಂಡದ ಪಕ್ಕ ಮಚಾನಿನಲ್ಲಿ ಕುಳಿತು ಪ್ರಾಣಿ ಎಣಿಸುವ ಕೆಲಸ. ಈ ಕಾರ್ಯಕ್ರಮಗಳೆಲ್ಲ ಒಂದಲ್ಲ ಒಂದು ದಾರಿಯಿಂದ ಬಂದು ನಿಲ್ಲುವುದು ಬಾರ್ಶಿ ರಸ್ತೆಯ ನಾನ್ನಜದ ಮಾಳಢೋಕ ಅಭಯಾರಣ್ಯದ ಬಾಗಿಲಿಗೆ. ಊರಿನಿಂದ ಇಪ್ಪತ್ತು ಕಿಲೋಮೀಟರು ದೂರ. ಹೋಗಿ ಬರುವುದು ಸುಲಭ, ಫೋಟೊ ತೆಗೆಸಿಕೊಳ್ಳುವುದು ಇನ್ನೂ ಸುಲಭ.

ಕಾರ್ಯಕ್ರಮ ಬೇಡವೆಂದು ಯಾರೂ ಹೇಳುವುದಿಲ್ಲ. ಮಕ್ಕಳು ಒಂದು ದಿನವಾದರೂ ಹುಲ್ಲಿನ ನಡುವೆ ನಿಂತು ಚಿಗರಿಯ ಹಿಂಡು ನೋಡಿದರೆ ಅದೇ ದೊಡ್ಡ ಪಾಠ. ಆದರೆ ಮರುದಿನ ಬ್ಯಾನರ್ ಇಳಿದ ಮೇಲೆ ಮಾಳ ಕಾಯುವವರು ಯಾರು? ಕೆಲವೇ ಮಂದಿ ವನರಕ್ಷಕರು, ಹಂಗಾಮಿ ಕಾವಲುಗಾರರು, ಮತ್ತೆ ಮತ್ತೆ ಬರುವ ಬೆರಳೆಣಿಕೆಯ ಪಕ್ಷಿಪ್ರೇಮಿಗಳು. ಉಳಿದ ದಿನಗಳಲ್ಲಿ ಆ ಮಾಳಕ್ಕೆ ಬೆಂಕಿ ಉಂಟು, ಬೀದಿನಾಯಿ ಉಂಟು, ಜಾಲಿ ಉಂಟು. ಜನ ಮಾತ್ರ ಇಲ್ಲ.

ಯಾವ ಹಕ್ಕಿಯ ಹೆಸರಿನಲ್ಲಿ ಈ ಅಭಯಾರಣ್ಯ ಆಯಿತೋ ಆ ಹಕ್ಕಿಯ ಗತಿ ಎಲ್ಲರಿಗೂ ಗೊತ್ತಿದೆ. ಮರಾಠಿಯಲ್ಲಿ ಮಾಳಢೋಕ, ಕನ್ನಡದಲ್ಲಿ ಎರೆಭೂತ, ಎರಲಡ್ಡು ಎಂದು ಕರೆಸಿಕೊಳ್ಳುವ ಈ ಹಕ್ಕಿ ಮೀಟರ್ ಎತ್ತರ ನಿಲ್ಲುತ್ತದೆ. ಬಲಿತ ಗಂಡು 15 ಕಿಲೋವರೆಗೂ ತೂಗುತ್ತದೆ. 1972ರ ಬರಗಾಲದ ನಂತರ ಬರಪೀಡಿತ ಪ್ರದೇಶ ಯೋಜನೆಯಡಿ ನಾನ್ನಜ ಸುತ್ತಲಿನ ಬರಡು ಮಾಳವನ್ನು ಮೇಯಿಸದೆ ಬಿಟ್ಟಾಗ ಹುಲ್ಲು ಎದ್ದಿತು, ಹುಲ್ಲಿನ ಹಿಂದೆ ಹಕ್ಕಿ ಕಾಣಿಸಿತು. ಸೊಲ್ಲಾಪುರದ ಪಕ್ಷಿಪ್ರೇಮಿ ಬಿ. ಎಸ್. ಕುಲಕರ್ಣಿಯವರು ಅದನ್ನು ಗುರುತಿಸಿ ಸರಕಾರದ ಕಣ್ಣು ಇತ್ತ ತಿರುಗಿಸಿದರು. 1979ರಲ್ಲಿ ಅಭಯಾರಣ್ಯ ಘೋಷಣೆಯಾಯಿತು. ಎಂಬತ್ತರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಡಾ. ಅಸದ್ ರಹಮಾನಿ ಇಲ್ಲಿಗೆ ಬಂದು ಈ ಹಕ್ಕಿಯ ಅಭ್ಯಾಸ ಮಾಡಿದರು. ಅಂದರೆ ಈ ಧಾಮದ ಮೊದಲ ಇಟ್ಟಿಗೆ ಇಟ್ಟದ್ದೇ ಸ್ವಂತ ಆಸಕ್ತಿಯಿಂದ ಮಾಳ ತಿರುಗಿದ ಮನುಷ್ಯ.

ತಪ್ಪು ಆದದ್ದು ಮುಂದೆ. ಸೊಲ್ಲಾಪುರ ಮತ್ತು ಅಹಿಲ್ಯಾನಗರ (ಹಿಂದಿನ ಅಹಮದನಗರ) ಜಿಲ್ಲೆಗಳ 8,496 ಚದರ ಕಿಲೋಮೀಟರು ಒಂದೇ ಸಹಿಯಲ್ಲಿ ಅಭಯಾರಣ್ಯದೊಳಗೆ ಸೇರಿತು. ಊರು, ಹೊಲ, ಬಾವಿ, ರಸ್ತೆ ಎಲ್ಲವೂ ಒಳಗೆ. ಜಮೀನಿನ ವ್ಯವಹಾರಕ್ಕೆ ತೊಡಕು, ಹೊಸ ಕೆಲಸಕ್ಕೆ ಅಡ್ಡಿ. ರೈತರ ಬಾಯಲ್ಲಿ ಮಾಳಢೋಕ ಎಂಬುದು ಹಕ್ಕಿಯ ಹೆಸರಾಗಿ ಉಳಿಯದೆ ಕಚೇರಿ ಅಲೆದಾಟದ ಹೆಸರಾಯಿತು. ಮೂರು ದಶಕದ ತಕರಾರಿನ ನಂತರ 2012ರ ಹೊತ್ತಿಗೆ ವಿಸ್ತಾರವನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಲಾಯಿತು. ಅಷ್ಟರಲ್ಲಿ ಜನರ ಮನಸ್ಸು ಕೆಟ್ಟಿತ್ತು, ಹಕ್ಕಿಯೂ ಕೈಬಿಟ್ಟು ಹೋಗುತ್ತಿತ್ತು.

ಹಕ್ಕಿ ಕಡಿಮೆಯಾದದ್ದಕ್ಕೆ ಕಾರಣ ಒಂದಲ್ಲ. ಹೆಣ್ಣು ಹಕ್ಕಿ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ, ಅದೂ ಬರಿ ನೆಲದ ಮೇಲೆ. ಒಂದು ನಾಯಿ ಸಾಕು, ಆ ವರ್ಷದ ಸಂತಾನ ಮುಗಿಯಿತು. ಉಜನಿ ನೀರು ಬಂದ ಕಡೆ ಹಿಂಗಾರಿ ಜೋಳ ಹೋಗಿ ಕಬ್ಬು ಬಂತು, ಬಾವಿ ನೀರಿದ್ದಲ್ಲಿ ದ್ರಾಕ್ಷಿ, ದಾಳಿಂಬೆ ಬಂತು. ಜೋಳದ ಹೊಲದಲ್ಲಿ ಹುಳ ಹೆಕ್ಕಿ ತಿನ್ನುತ್ತಿದ್ದ ಹಕ್ಕಿಗೆ ಕಬ್ಬಿನ ಗದ್ದೆಯಲ್ಲಿ ಜಾಗವಿಲ್ಲ. ಇನ್ನೊಂದು ಕಡೆ ವಿದ್ಯುತ್ ತಂತಿ. ಭಾರದ ಮೈ, ಎದುರಿಗಿರುವುದು ಸರಿಯಾಗಿ ಕಾಣದ ಕಣ್ಣು. ಹಾರುವಾಗ ತಂತಿಗೆ ಬಡಿದು ಸಾಯುವುದೇ ಇಂದು ಇವುಗಳಿಗೆ ಬಹು ದೊಡ್ಡ ಗಂಡಾಂತರ. ರಾಜಸ್ಥಾನ, ಗುಜರಾತಿನ ತಂತಿಗಳ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋದದ್ದು ಇದೇ ಕಾರಣಕ್ಕೆ. ದೇಶದಲ್ಲಿ ಉಳಿದಿರುವುದು ನೂರೈವತ್ತರ ಆಸುಪಾಸು, ಅದರಲ್ಲಿ ಬಹುಪಾಲು ಜೈಸಲ್ಮೇರ್ ಕಡೆ. ನಾನ್ನಜದಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಹಕ್ಕಿ ಕಂಡರೆ ಅದೇ ಸುದ್ದಿ.

ಹೀಗಿರುವಾಗ ಹಳ್ಳಿ ಕಟ್ಟೆಯ ಮೇಲೆ ಕೇಳಿಬರುವ ಮಾತು ಒಂದೇ: "ಹಕ್ಕೀನೇ ಇಲ್ಲ ಅಂದ್ಮ್ಯಾಲೆ ಈ ಅಭಯಾರಣ್ಯ ಯಾತಕ್ಕ ಬೇಕ್ರಿ?" ಮಾತಿನಲ್ಲಿ ಸಿಟ್ಟಿದೆ, ಅರ್ಥವೂ ಇದೆ. ಉತ್ತರ ಕೊಡದೆ ಜಾರಿಕೊಳ್ಳುವಂತಿಲ್ಲ.

ಉತ್ತರ ಆ ಹುಲ್ಲಿನಲ್ಲೇ ಇದೆ. ಮಾಳಢೋಕದ ಹೆಸರಿನಲ್ಲಿ ಉಳಿದ ಹುಲ್ಲು ಇಂದು ಚಿಗರಿಗೆ ಆಸರೆ, ತೋಳಕ್ಕೆ ಮನೆ, ನರಿ–ಮೊಲಕ್ಕೆ ಅಡಗುದಾಣ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಹ್ಯಾರಿಯರ್ ಜಾತಿಯ ಹದ್ದುಗಳು ಸಂಜೆಯಾದರೆ ಇಂಥ ಹುಲ್ಲಿನೊಳಗೇ ಇಳಿದು ನೆಲದ ಮೇಲೆ ಮಲಗುತ್ತವೆ. ಮಳೆನೀರು ಹಿಡಿಯುವುದೂ ಅದೇ ಹುಲ್ಲು. ರಾಜಸ್ಥಾನದಲ್ಲಿ 2019ರಿಂದ ಮಾಳಢೋಕವನ್ನು ಕೃತಕವಾಗಿ ಬೆಳೆಸುವ ಕೆಲಸ ನಡೆದಿದೆ, 2024ರಲ್ಲಿ ಕೃತಕ ಗರ್ಭಧಾರಣೆಯಿಂದ ಮರಿಯೂ ಆಯಿತು. ಮುಂದೊಂದು ದಿನ ಆ ಮರಿಗಳನ್ನು ಬಯಲಿಗೆ ಬಿಡುವ ಕಾಲ ಬಂದರೆ ಹುಲ್ಲು ಇದ್ದ ಊರಿಗೆ ಪಾಳಿ ಬಂದೀತು. ಹುಲ್ಲು ಕಳೆದುಕೊಂಡ ಊರಿನವರು ಕೇಳುವುದಕ್ಕೂ ಮುಖ ಇರುವುದಿಲ್ಲ.

ಹಾಗಾದರೆ ಸ್ವಯಂಸೇವಕರು ಏನು ಮಾಡಬೇಕು? ಮೊದಲು ಏನು ಮಾಡಬಾರದು ಎಂಬುದನ್ನು ಹೇಳಬೇಕಾಗಿದೆ. ಸಪ್ತಾಹ ಬಂದಾಗ ಸಸಿ ತಂದು ಮಾಳದಲ್ಲಿ ನೆಡುವುದು ಒಂದು ರೂಢಿಯಾಗಿಬಿಟ್ಟಿದೆ. ಉದ್ದೇಶ ಒಳ್ಳೆಯದೇ. ಆದರೆ ಮಾಳಢೋಕಕ್ಕೆ, ಚಿಗರಿಗೆ ಬೇಕಾದದ್ದು ದೂರದವರೆಗೆ ಕಣ್ಣು ಹಾಯುವ ಬಯಲು. ಅಲ್ಲಿ ಗಿಡ ನೆಟ್ಟರೆ ಅವುಗಳ ಮನೆಗೆ ಗೋಡೆ ಕಟ್ಟಿದಂತೆ. ಹಿಂದೆ ನಾನ್ನಜ ಭಾಗದಲ್ಲೇ ಗ್ಲಿರಿಸಿಡಿಯಾ ಗಿಡ ಬೆಳೆಸಿದ್ದನ್ನು ಪಕ್ಷಿತಜ್ಞರು ಆಕ್ಷೇಪಿಸಿದ್ದರು. ಕರ್ನಾಟಕದ ರಾಣೆಬೆನ್ನೂರಿನದೂ ಇದೇ ಕಥೆ. ಚಿಗರಿ ಮತ್ತು ಎರೆಭೂತಕ್ಕೆಂದು ಕಾದಿಟ್ಟ ಬಯಲಿನ ಬಹುಭಾಗಕ್ಕೆ ನೀಲಗಿರಿ ಬಂತು, ಎರೆಭೂತ ಹೋಯಿತು. ಸರಕಾರಿ ಕಾಗದದಲ್ಲಿ ಹುಲ್ಲುಗಾವಲು "ಪಾಳು ಜಮೀನು" ಎಂದೇ ಬರೆಸಿಕೊಳ್ಳುತ್ತ ಬಂದದ್ದರಿಂದ ಈ ತಪ್ಪು ತಿಳಿವಳಿಕೆ ಬೇರು ಬಿಟ್ಟಿದೆ. ಗಿಡ ನೆಡುವ ಹುಮ್ಮಸ್ಸಿದ್ದವರಿಗೆ ಸೊಲ್ಲಾಪುರದ ಬಿಸಿಲಿನ ರಸ್ತೆಗಳು, ಶಾಲೆಗಳ ಅಂಗಳ, ಊರ ಸ್ಮಶಾನಗಳು ಬೇಕಾದಷ್ಟಿವೆ.

ಇನ್ನೊಂದು ಚಟ ಕ್ಯಾಮೆರಾದ್ದು. ಅಪರೂಪದ ಹಕ್ಕಿ ಕಂಡಿತೆಂದರೆ ವಾಹನ ಬೆನ್ನಟ್ಟುವುದು, ಗೂಡಿನ ಹತ್ತಿರ ಹೋಗುವುದು, ಜಾಗದ ಗುರುತನ್ನು ಮೊಬೈಲಿನಲ್ಲಿ ಹತ್ತು ಜನಕ್ಕೆ ಕಳಿಸುವುದು. ಇದನ್ನು ಪ್ರೀತಿ ಎನ್ನಲಾಗದು. ಮಳೆಗಾಲ ಮೊಟ್ಟೆಯ ಕಾಲ. ಆ ತಿಂಗಳುಗಳಲ್ಲಿ ದೂರ ನಿಲ್ಲುವುದೇ ಸೇವೆ.

ಮಾಡಬೇಕಾದ ಕೆಲಸಕ್ಕೆ ಕೊರತೆ ಇಲ್ಲ. ಹುಣ್ಣಿಮೆ ರಾತ್ರಿಯ ಗಣತಿಯನ್ನೇ ನೋಡಿ. ಬೇಸಿಗೆಯಲ್ಲಿ ಬೇರೆಡೆ ನೀರು ಬತ್ತಿರುತ್ತದೆ, ಪ್ರಾಣಿ ಹೊಂಡಕ್ಕೆ ಬರಲೇಬೇಕು. ಬೆಳದಿಂಗಳಿದೆ, ಕಾಣುತ್ತದೆ. ರಾತ್ರಿಯಿಡೀ ಮಾತಾಡದೆ, ಬೀಡಿ ಸೇದದೆ, ಮೊಬೈಲ್ ಬೆಳಕು ಹಚ್ಚದೆ ಕುಳಿತು ಬಂದದ್ದನ್ನು ಬಂದ ಹೊತ್ತಿನ ಸಮೇತ ಬರೆದುಕೊಳ್ಳಬೇಕು. ಇದರಿಂದ ಲೆಕ್ಕ ಪೂರ್ತಿ ಸಿಗದಿದ್ದರೂ ವರ್ಷದಿಂದ ವರ್ಷಕ್ಕೆ ಏನಾಗುತ್ತಿದೆ ಎಂಬ ಅಂದಾಜು ಸಿಗುತ್ತದೆ. ಆದರೆ ಹೊಸಬರು ಪ್ರತಿ ವರ್ಷ ಬಂದು ಹೋದರೆ ಉಪಯೋಗ ಕಡಿಮೆ. ಅದೇ ಜನ, ಅದೇ ಹೊಂಡ, ಐದು ವರ್ಷ ಕುಳಿತರೆ ಆ ವಹಿಗೆ ಬೆಲೆ.

ಹೊಂಡದ ಮಾತು ಬಂದದ್ದಕ್ಕೆ ಇನ್ನೊಂದು. ಹೊಂಡಕ್ಕೆ ನೀರು ತಾನಾಗಿ ಬರುವುದಿಲ್ಲ. ಮಾರ್ಚ್‌ನಿಂದ ಜೂನ್‌ವರೆಗೆ ಟ್ಯಾಂಕರ್ ಬಂತೇ, ಹೊಂಡ ಸೋರುತ್ತಿದೆಯೇ, ಪಾಚಿ ಕಟ್ಟಿದೆಯೇ ಎಂದು ವಾರಕ್ಕೊಮ್ಮೆ ನೋಡುವ ಒಬ್ಬ ಬೇಕು. ಹುಲ್ಲು ಒಣಗುವ ಮೊದಲೇ ಬೆಂಕಿರೇಖೆ ತೆಗೆಯಲು ಹತ್ತು ಕೈ ಬೇಕು. ಬಳ್ಳಾರಿ ಜಾಲಿ ಬೇರುಸಹಿತ ಕೀಳಲು ಇನ್ನಷ್ಟು ಕೈ ಬೇಕು. ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಕ್ರಿಯೆ, ರೇಬೀಸ್ ಲಸಿಕೆ ಮಾಡಿಸುವಂತೆ ಗ್ರಾಮ ಪಂಚಾಯತಿಗೆ ಬೆನ್ನುಬೀಳುವವರು ಬೇಕು. ಪುಣೆ ಸುತ್ತಲ ಹುಲ್ಲುಗಾವಲಿನಲ್ಲಿ ತೋಳ–ನಾಯಿ ಮಿಶ್ರತಳಿ ಇರುವುದು 2023ರಲ್ಲಿ ಸಂಶೋಧಕರಿಂದ ಖಚಿತವಾಗಿದೆ. ಆ ಪಿಡುಗು ಸೊಲ್ಲಾಪುರಕ್ಕೆ ಬರಲು ದೂರವೇನಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಪ್ರಾಣಿಗಲ್ಲ, ಮನುಷ್ಯನಿಗೆ ಮಾಡಬೇಕಾದದ್ದು. ತೋಳ ಕುರಿ ಹಿಡಿದರೆ, ಚಿಗರಿ ಬೆಳೆ ಮೇದರೆ ಸರಕಾರ ಪರಿಹಾರ ಕೊಡುತ್ತದೆ. ಆದರೆ ಅರ್ಜಿ, ಪಂಚನಾಮೆ, ಪಶುವೈದ್ಯರ ದಾಖಲೆ, ಬ್ಯಾಂಕ್ ಖಾತೆ ಎಂಬ ಸರಪಳಿಯಲ್ಲಿ ಹಿಂಡಿನ ಹಿಂದೆ ಅಲೆಯುವ ಕುರಿಗಾರ ಸೋತುಹೋಗುತ್ತಾನೆ. "ಹ್ವಾದದ್ದ ಹ್ವಾತು, ಯಾರ ಕಚೇರಿ ತಿರಗ್ತಾರ" ಎಂದು ಕೈ ಬಿಡುತ್ತಾನೆ. ಮುಂದಿನ ಸಲ ಸತ್ತ ಕುರಿಗೆ ವಿಷ ಹಾಕುವ ಯೋಚನೆ ಬರುವುದು ಇಲ್ಲಿಂದಲೇ. ಕಾಲೇಜು ಓದಿದ ಒಬ್ಬ ಹುಡುಗ ಆ ದಿನವೇ ಫೋಟೊ ತೆಗೆದು, ಅರ್ಜಿ ಬರೆದು, ವನರಕ್ಷಕನಿಗೆ ಫೋನ್ ಮಾಡಿ, ಹಣ ಬರುವವರೆಗೆ ಬೆನ್ನು ಹತ್ತಿದರೆ ಒಂದು ತೋಳ ಉಳಿಯುತ್ತದೆ. ಹತ್ತು ಪ್ರಭಾತಫೇರಿಯಿಂದ ಆಗದ್ದು ಈ ಒಂದು ಅರ್ಜಿಯಿಂದ ಆಗುತ್ತದೆ.

ಇಲ್ಲಿಯೇ ಗಡಿಭಾಗದ ಕನ್ನಡಿಗರ ಮಾತು ಬರುತ್ತದೆ. ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕಿನ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕುರಿ ಕಾಯುವವರ ಮಾತು ಕನ್ನಡ. ಅಭಯಾರಣ್ಯದ ಬೇಲಿ ನಾನ್ನಜದಲ್ಲಿದ್ದರೂ ತೋಳಕ್ಕೆ, ಚಿಗರಿಗೆ ತಾಲೂಕಿನ ಗಡಿಕಲ್ಲು ಗೊತ್ತಿಲ್ಲ, ರಾಜ್ಯದ್ದಂತೂ ಇಲ್ಲವೇ ಇಲ್ಲ. ಪರಿಹಾರದ ಅರ್ಜಿ ತುಂಬುವುದು ಹೇಗೆ, ಗಾಯಗೊಂಡ ಪ್ರಾಣಿ ಸಿಕ್ಕರೆ ಯಾರಿಗೆ ಹೇಳಬೇಕು ಎಂಬುದನ್ನು ಈ ಹಳ್ಳಿಗಳಿಗೆ ಅವರದೇ ಮಾತಿನಲ್ಲಿ ಹೇಳಿದರೆ ಕೆಲಸ ಸಲೀಸು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳ ಶಿಕ್ಷಕರು ಮನಸ್ಸು ಮಾಡಿದರೆ ಒಂದು ಪುಟದ ಕೈಚೀಟಿ ಬರೆಯುವುದು ದೊಡ್ಡ ಮಾತಲ್ಲ. ಅಜ್ಜ–ಅಜ್ಜಿಯರನ್ನು ಕೇಳಿ ಮಾಳದ ಹುಲ್ಲು, ಹುಳ, ಹಕ್ಕಿಗಳ ಊರ ಹೆಸರುಗಳನ್ನು ಮಕ್ಕಳಿಂದ ವಹಿಯಲ್ಲಿ ಬರೆಸಬಹುದು. ಎರೆಭೂತ ಎಂಬ ಶಬ್ದ ಹಕ್ಕಿಯ ಜೊತೆಗೇ ಸತ್ತುಹೋಗಬಾರದು.

ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಕರ್ನಾಟಕ ಸರಕಾರ ತೋಳಕ್ಕೆಂದೇ ಧಾಮ ಮಾಡಿದೆ. ಸೊಲ್ಲಾಪುರದ ತರುಣರು ಅಲ್ಲಿಗೆ ಹೋಗಿ ನೋಡಿ ಬರಲಿ, ಅಲ್ಲಿಯವರು ನಾನ್ನಜಕ್ಕೆ ಬರಲಿ. ಗಡಿ ತಂಟೆಯ ಸುದ್ದಿಯನ್ನೇ ಓದಿ ಬೇಸತ್ತ ಜನಕ್ಕೆ ಇದೊಂದು ಒಳ್ಳೆಯ ಕೊಡುಕೊಳ್ಳುವಿಕೆ.

ಈ ಮಣ್ಣಿಗೆ ಸ್ವಯಂಸೇವೆಯನ್ನು ಹೊರಗಿನಿಂದ ಯಾರೂ ಕಲಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಜನರನ್ನು ಕಟ್ಟಿಕೊಂಡು ಕೆರೆ ತೋಡಿಸಿದ. ಅದರ ನೀರು ಕುಡಿದದ್ದು ಮನುಷ್ಯರಷ್ಟೇ ಅಲ್ಲ. ಅಕ್ಕಲಕೋಟೆಯ ಅನ್ನಛತ್ರದಲ್ಲಿ ದಿನಾಲೂ ಬಂದವರಿಗೆಲ್ಲ ಊಟ ನಡೆಯುತ್ತದೆ, ಸಪ್ತಾಹಕ್ಕೊಮ್ಮೆ ಅಲ್ಲ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜ ಹೊರುವವರು ವಾರಗಟ್ಟಲೆ ಮೊದಲೇ ಅಭ್ಯಾಸ ಮಾಡುತ್ತಾರೆ. ಆ ಶ್ರದ್ಧೆಯ ಒಂದಂಶ ಮಾಳದ ಕಡೆ ತಿರುಗಿದರೂ ಸಾಕು. ಅದೇ ಸಂಕ್ರಾಂತಿಗೆ ಪಟ ಹಾರಿಸುವಾಗ ನೈಲಾನ್ ಮಾಂಜಾ ಬಿಟ್ಟರೆ ಇನ್ನೂ ಒಳ್ಳೆಯದು. 2017ರಲ್ಲೇ ಅದಕ್ಕೆ ನಿಷೇಧ ಬಂದಿದೆ, ಆದರೂ ಹಕ್ಕಿಯ ರೆಕ್ಕೆ ಕೊಯ್ಯುವುದು ನಿಂತಿಲ್ಲ.

ಪಕ್ಷಿ ಸಪ್ತಾಹಕ್ಕೆ ನವೆಂಬರ್ 5ರಂದೇ ಮುಹೂರ್ತ ಯಾಕೆಂಬುದು ಸೊಲ್ಲಾಪುರದವರು ನೆನಪಿಡಬೇಕಾದ ಸಂಗತಿ. ಅದು ಅರಣ್ಯಾಧಿಕಾರಿ, ಲೇಖಕ ಮಾರುತಿ ಚಿತಂಪಲ್ಲಿ ಹುಟ್ಟಿದ ದಿನ. 12 ಸಲೀಂ ಅಲಿಯವರದು. 1932ರಲ್ಲಿ ಸೊಲ್ಲಾಪುರದಲ್ಲೇ ಹುಟ್ಟಿದ ಚಿತಂಪಲ್ಲಿ, ಕಾಡುಗಳಲ್ಲಿ ಆಯುಷ್ಯ ಕಳೆದು, 2025ರ ಜೂನ್‌ನಲ್ಲಿ ಸೊಲ್ಲಾಪುರದಲ್ಲೇ ಕಣ್ಣು ಮುಚ್ಚಿದರು. ಇಡೀ ರಾಜ್ಯ ಅವರ ಹೆಸರಿನಲ್ಲಿ ಸಪ್ತಾಹ ಮಾಡುವಾಗ ಅವರ ಊರಿನ ಮಾಳ ಅನಾಥವಾಗಿರುವುದು ಶೋಭೆಯಲ್ಲ.

ಅರಣ್ಯ ಇಲಾಖೆ ಮಾಡಬೇಕಾದದ್ದೂ ಇದೆ. ಸ್ವಯಂಸೇವಕರೆಂದರೆ ಗಣತಿ ರಾತ್ರಿಯ ಅತಿಥಿಗಳು ಎಂಬ ಭಾವನೆ ಬಿಟ್ಟು, ಹೆಸರು ನೋಂದಾಯಿಸಿ, ತರಬೇತಿ ಕೊಟ್ಟು, ವರ್ಷದ ಹನ್ನೆರಡು ತಿಂಗಳಿಗೆ ಕೆಲಸ ಹಂಚಬೇಕು. ನಾನ್ನಜ, ಮಾರ್ಡಿ ಕಡೆಯ ಹಳ್ಳಿಗಳ ತರುಣರಿಗೆ ಮಾರ್ಗದರ್ಶಿಯ ಕೆಲಸವೂ ನಾಲ್ಕು ಕಾಸಿನ ಪಗಾರವೂ ಸಿಗಬೇಕು. ಮೂವತ್ತು ವರ್ಷ ತೊಂದರೆ ಉಂಡವರಿಗೆ ಲಾಭದಲ್ಲಿ ಮೊದಲ ಪಾಲು ಸಿಗುವುದು ನ್ಯಾಯ.

ಮುಂದಿನ ಸಪ್ತಾಹದಲ್ಲಿ ಭಾಷಣ ಒಂದು ಕಡಿಮೆಯಾದರೂ ನಡೆದೀತು. ಅದರ ಬದಲು ಹೊಂಡಕ್ಕೊಂದು ಹೆಸರು, ಬೆಂಕಿರೇಖೆಗೆ ಹತ್ತು ಹೆಸರು, ಕುರಿಗಾರರ ಅರ್ಜಿಗೆ ಊರಿಗೊಂದು ಹೆಸರು ಬರೆದುಕೊಂಡು ಎದ್ದರೆ ಆ ಸಪ್ತಾಹ ಸಾರ್ಥಕ. ಮಾಳಢೋಕ ಮತ್ತೆ ಬರುತ್ತದೋ ಇಲ್ಲವೋ ಯಾರ ಕೈಯಲ್ಲೂ ಇಲ್ಲ. ಬಂದರೆ ಇಳಿಯಲು ಹುಲ್ಲು ಇರುವಂತೆ ನೋಡಿಕೊಳ್ಳುವುದು ಮಾತ್ರ ಸೊಲ್ಲಾಪುರ–ಅಕ್ಕಲಕೋಟೆಯ ಜನರ ಕೈಯಲ್ಲೇ ಇದೆ.