ಟ್ರೆಡ್‌ಮಿಲ್ ಪರೀಕ್ಷೆ: ಭೀತಿಯ ವ್ಯಾಪಾರಕ್ಕೆ ಬಲಿಯಾಗದಿರಿ

ರೋಗಲಕ್ಷಣವೇ ಇಲ್ಲದವರನ್ನೂ 'ಪ್ಯಾಕೇಜ್' ಹೆಸರಿನಲ್ಲಿ ಟ್ರೆಡ್‌ಮಿಲ್ ಹತ್ತಿಸುವುದು ಸೇವೆಯಲ್ಲ, ಭೀತಿಯ ವ್ಯಾಪಾರ. ಸಾಮಾನ್ಯವಾಗಿ ಪ್ರತಿ 3 ನಿಮಿಷಕ್ಕೆ ವೇಗವನ್ನೂ ಏರನ್ನೂ ಹೆಚ್ಚಿಸಿ ಇಸಿಜಿಯ ಬದಲಾವಣೆಗಳನ್ನು ಗಮನಿಸುವ ಈ ಪರೀಕ್ಷೆಯು, ಶ್ರಮಪಟ್ಟಾಗ ಎದೆನೋವು ಕಾಣಿಸಿಕೊಳ್ಳುವವರಿಗೆ ಉಪಯುಕ್ತ. ಆದರೆ ಅಪಾಯ ಕಡಿಮೆಯಿರುವವರಲ್ಲಿ, ವಿಶೇಷವಾಗಿ ಮಹಿಳೆಯರಲ್ಲಿ, ಅದು ಇಲ್ಲದ ರೋಗವನ್ನು ತೋರಿಸುವುದುಂಟು. ಅದನ್ನೇ ನಂಬಿ ಆಂಜಿಯೋಗ್ರಾಂಗಾಗಿ ಪತ್ನಿಯ ಒಡವೆ ಅಡವಿಡುವ ಬಡವನಿಗೆ ಉತ್ತರ ಹೇಳುವವರಾರು?

ಹಾಗೆಂದು 'ನೆಗೆಟಿವ್' ವರದಿಯು ಧೂಮಪಾನಕ್ಕೆ ಪರವಾನಿಗೆಯಲ್ಲ. ರಕ್ತನಾಳವನ್ನು ಹೆಚ್ಚು ಕಿರಿದಾಗಿಸದ ಕೊಬ್ಬಿನ ಪದರವೂ ಒಡೆದು ಹೃದಯಾಘಾತ ತರಬಲ್ಲದು. ವಿಶ್ರಾಂತಿಯಲ್ಲೂ ಎದೆನೋವಿದ್ದರೆ ಬೇಕಾದುದು ಟ್ರೆಡ್‌ಮಿಲ್ ಅಲ್ಲ, ತುರ್ತು ಚಿಕಿತ್ಸೆ.

ರೋಗಿಯ ದೇಹವು ವೈದ್ಯನ ಕೈಯಲ್ಲಿರುವ ಅಮಾನತ್ತು. 'ಈ ಪರೀಕ್ಷೆ ನನಗೇಕೆ? ಇದರಿಂದ ಚಿಕಿತ್ಸೆ ಬದಲಾಗುವುದೇ?' ಎಂದು ಪ್ರಶ್ನಿಸುವುದು ಉದ್ಧಟತನವಲ್ಲ, ರೋಗಿಯ ಹಕ್ಕು.