ಮನೆ ಕಟ್ಟುವವರಿಗೆ: ತಿದ್ದಲಾಗದುದು ಮೊದಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದುದು ಸುಮ್ಮನೆ ಅಲ್ಲ. ಮದುವೆಯ ಖರ್ಚು ನಾಲ್ಕು ದಿನಗಳಲ್ಲಿ ಮುಗಿದು ಹೋಗುವುದು. ಮನೆಯ ವಿಷಯ ಹಾಗಲ್ಲ. ಕಟ್ಟುವ ಕಾಲದಲ್ಲಿ ಯಜಮಾನನು ಅವಸರದಿಂದ ಮಾಡಿದ ಒಂದು ನಿಶ್ಚಯವು ಮುಂದೆ ಮೂವತ್ತು ನಾಲ್ವತ್ತು ವರ್ಷಗಳ ಕಾಲ ಆ ಕುಟುಂಬದಿಂದ ಪ್ರತಿ ಮಳೆಗಾಲದಲ್ಲಿಯೂ ಪ್ರತಿ ಬೇಸಿಗೆಯಲ್ಲಿಯೂ ಕಪ್ಪವನ್ನು ವಸೂಲು ಮಾಡುತ್ತಿರುವುದು. ಸಾಧಾರಣ ಗೃಹಸ್ಥನು ತನ್ನ ಆಯುಷ್ಯದಲ್ಲಿ ಮನೆ ಕಟ್ಟುವುದು ಒಂದೇ ಸಲ. ಅದೂ ಉಳಿಸಿದ ಹಣವೆಲ್ಲವನ್ನೂ ಸುರಿದು, ಮೇಲೆ ಸಾಲವನ್ನೂ ಹೊತ್ತು. ಒಂದೇ ಸಲ ಮಾಡುವ ಕೆಲಸದಲ್ಲಿ ಅನುಭವವು ಬರುವ ಹೊತ್ತಿಗೆ ಕೆಲಸವೇ ಮುಗಿದಿರುತ್ತದೆ. ಆದುದರಿಂದ ಮನೆ ಕಟ್ಟಬೇಕೆಂದಿರುವ ನಮ್ಮ ವಾಚಕರಿಗೆ ಉಪಯೋಗವಾಗಲೆಂದು ಈ ತಿಂಗಳು ಕೆಲವು ಮಾತುಗಳನ್ನು ಬರೆಯುತ್ತೇವೆ.

ಹೊಸ ಬಡಾವಣೆಗಳಲ್ಲಿ ತಿರುಗಾಡಿದರೆ ಒಂದು ವಿಚಿತ್ರವು ಕಣ್ಣಿಗೆ ಬೀಳುತ್ತದೆ. ಮನೆಯ ಮುಖಕ್ಕೆ ನುಣುಪಾದ ಕಲ್ಲು, ಬಾಗಿಲಿಗೆ ಕೆತ್ತನೆಯ ತೇಗ, ಗೇಟಿಗೆ ಹೊಳೆಯುವ ಬಣ್ಣ. ಒಳಕ್ಕೆ ಹೋದರೆ ಗೋಡೆಯ ಬುಡದಲ್ಲಿ ಒಂದು ಮೊಳದೆತ್ತರ ತೇವವೇರಿ ಸುಣ್ಣವು ಉದುರುತ್ತಿರುತ್ತದೆ. ತಾರಸಿಯ ಮೂಲೆಯಲ್ಲಿ ನೀರು ನಿಂತು ಮಲಗುವ ಕೋಣೆಯ ಮಾಳಿಗೆ ಕಪ್ಪಾಗಿರುತ್ತದೆ. ಆ ಯಜಮಾನನಿಗೆ ಹಣವಿರಲಿಲ್ಲವೆಂದಲ್ಲ; ಹಣವು ಹೋದ ಕ್ರಮವು ಹಿಂದುಮುಂದಾಯಿತು, ಅಷ್ಟೆ. ಕಣ್ಣಿಗೆ ಕಾಣುವುದಕ್ಕೆ ಮೊದಲು ಹೋಯಿತು, ಕಾಣದುದಕ್ಕೆ ಉಳಿಯಲಿಲ್ಲ.

ಆದುದರಿಂದ ನಾವು ಹೇಳತಕ್ಕ ಸೂತ್ರವು ಒಂದೇ. ಯಾವ ಖರ್ಚನ್ನು ಮಾಡುವ ಮೊದಲಾದರೂ, 'ಇದನ್ನು ಹತ್ತು ವರ್ಷಗಳ ಮೇಲೆ, ಮನೆಯಲ್ಲಿ ವಾಸಮಾಡುತ್ತಲೇ, ಬದಲಾಯಿಸಲು ಸಾಧ್ಯವೇ?' ಎಂದು ಕೇಳಿಕೊಳ್ಳಬೇಕು. ಸಾಧ್ಯವಾದರೆ ಅದು ಕಾಯಬಲ್ಲುದು. ಸಾಧ್ಯವಿಲ್ಲವಾದರೆ ಮೊದಲ ಹಣವು ಅದಕ್ಕೇ ಸಲ್ಲಬೇಕು. ಒಂದು ಪುಸ್ತಕದಲ್ಲಿ ಎರಡು ಪಟ್ಟಿಗಳನ್ನು ಬರೆದು, ಮನೆಯವರೆಲ್ಲರೂ ಕೂಡಿ, ವಿಶೇಷವಾಗಿ ಅಡಿಗೆಮನೆ ಬಚ್ಚಲುಗಳಲ್ಲಿ ದಿನವೂ ಕೆಲಸ ಮಾಡುವವರನ್ನು ಮುಂದಿಟ್ಟುಕೊಂಡು, ಇದನ್ನು ನಿಶ್ಚಯಿಸುವುದು ಲೇಸು.

ಮೊದಲನೆಯದು ನೆಲ. ನಿವೇಶನವನ್ನು ಬಿಸಿಲಿನಲ್ಲಿ ನೋಡಿ ಕೊಳ್ಳಬಾರದು, ಮಳೆಯಲ್ಲಿ ನೋಡಿ ಕೊಳ್ಳಬೇಕು. ಒಂದು ದೊಡ್ಡ ಮಳೆಯ ಮರುದಿನ ಅಲ್ಲಿಗೆ ಹೋಗಿ, ನೀರು ಎಲ್ಲಿಂದ ಬಂದಿತು, ಎಲ್ಲಿ ನಿಂತಿತು, ಯಾವ ದಾರಿಯಾಗಿ ಹರಿದು ಹೋಯಿತು ಎಂಬುದನ್ನು ಕಣ್ಣಾರೆ ನೋಡಬೇಕು. ಅಕ್ಕಪಕ್ಕದ ಹಳಬರನ್ನು ವಿಚಾರಿಸಬೇಕು. ೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಲ್ಲಿ ಕೋಟಿಗಟ್ಟಲೆ ಬೆಲೆಯ ಮನೆಗಳಿಗೂ ನೀರು ನುಗ್ಗಿ, ಜನರು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೊರಗೆ ಬರಬೇಕಾಯಿತು. ನೀರಿಗೆ ಮನೆಯ ಬೆಲೆ ತಿಳಿಯದು. ತಗ್ಗು ಮಾತ್ರ ತಿಳಿಯುವುದು.

ಪಾಯದ ಆಳವನ್ನು ಮಣ್ಣು ಹೇಳಬೇಕೇ ಹೊರತು ಪಕ್ಕದ ಮನೆಯವರು ಹೇಳಬಾರದು. ಧಾರವಾಡ, ಗದಗ, ವಿಜಯಪುರಗಳ ಕಡೆಯ ಎರೆಭೂಮಿಯು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವುದು, ಬೇಸಿಗೆಯಲ್ಲಿ ಬಿರಿದು ಕುಗ್ಗುವುದು. ಅದರ ಮೇಲುಪದರದಲ್ಲಿ ನಿಂತ ಗೋಡೆಯೂ ಅದರೊಡನೆ ಏರಿಳಿದು ಸೀಳುವುದು. ಅಲ್ಲಿ ಪಾಯವು ಈ ಉಬ್ಬುವ ಪದರವನ್ನು ದಾಟಿ ಗಟ್ಟಿನೆಲವನ್ನು ಮುಟ್ಟಬೇಕು. ಕರಾವಳಿಯ ಮುರಕಲ್ಲಿನ ನೆಲದಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಮಳೆಯೇ ದೊಡ್ಡ ಚಿಂತೆ. ತಿಳಿದ ಎಂಜಿನಿಯರರಿಂದ ಮಣ್ಣನ್ನು ಪರೀಕ್ಷೆ ಮಾಡಿಸುವ ಖರ್ಚು ಮುಂಬಾಗಿಲಿನ ಕೆತ್ತನೆಯ ಖರ್ಚಿಗಿಂತ ಬಹುಮಟ್ಟಿಗೆ ಕಡಿಮೆಯೇ. ಮುಂದೆ ಮಹಡಿ ಕಟ್ಟುವ ಆಲೋಚನೆಯಿದ್ದರೆ ಅದಕ್ಕೆ ತಕ್ಕ ಪಾಯವನ್ನು ಈಗಲೇ ಹಾಕಬೇಕು; ಮತ್ತು ತಾರಸಿಯ ಮೇಲೆ ಬಿಟ್ಟ ಕಂಬಿಗಳಿಗೆ ಸಿಮೆಂಟಿನ ಲೇಪ ಕೊಟ್ಟು ಮುಚ್ಚಬೇಕು. ಹತ್ತು ವರ್ಷ ಮಳೆಯಲ್ಲಿ ನೆನೆದು ತುಕ್ಕು ಹಿಡಿದ ಕಂಬಿಯ ಮೇಲೆ ಮಹಡಿಯನ್ನು ನಿಲ್ಲಿಸುವುದು ಅಪಾಯಕರ.

ಮನೆಯ ನೆಲಗಟ್ಟು ರಸ್ತೆಗಿಂತ ಎರಡು ಅಡಿಗಳಿಗೆ ಕಡಿಮೆಯಿಲ್ಲದಂತೆ ಎತ್ತರವಿರಲಿ. ತಗ್ಗಾದ ಕಡೆಯಲ್ಲಿ ಇನ್ನೂ ಹೆಚ್ಚಿರಲಿ. ರಸ್ತೆಗೆ ಪ್ರತಿ ಸಲ ಡಾಂಬರು ಹಾಕಿದಾಗಲೂ ರಸ್ತೆಯು ಏರುತ್ತದೆ, ಮನೆಯು ಏರುವುದಿಲ್ಲ. ಹಳೆಯ ಬಡಾವಣೆಗಳಲ್ಲಿ ಇಂದು ಮೆಟ್ಟಿಲಿಳಿದು ಅಂಗಳಕ್ಕೆ ಹೋಗಬೇಕಾದ ಮನೆಗಳು ಕಟ್ಟಿದಂದು ರಸ್ತೆಗಿಂತ ಮೇಲೆಯೇ ಇದ್ದವು.

ಎರಡನೆಯದು ನೀರು. ೨೦೨೪ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿ, ಜನರು ಟ್ಯಾಂಕರಿನ ದಾರಿ ಕಾಯುವಂತಾದುದನ್ನು ವಾಚಕರು ಮರೆತಿರಲಾರರು. ಅದೇ ಊರಿನಲ್ಲಿ ವರ್ಷಕ್ಕೆ ಸರಾಸರಿ ೯೦೦ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಒಂದು ಸಾವಿರ ಚದರ ಅಡಿಯ ತಾರಸಿ ಎಂದರೆ ಸುಮಾರು ೯೩ ಚದರ ಮೀಟರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಈ ಲೆಕ್ಕದಂತೆ ಆ ತಾರಸಿಯ ಮೇಲೆ ವರ್ಷಕ್ಕೆ ಎಂಬತ್ತು ಸಾವಿರ ಲೀಟರಿಗೂ ಹೆಚ್ಚು ನೀರು ಸುರಿಯುತ್ತದೆ. ಐದರಲ್ಲೊಂದು ಪಾಲು ವ್ಯರ್ಥವಾಯಿತೆಂದರೂ ಅರುವತ್ತೈದು ಸಾವಿರ ಲೀಟರು ಕೈಗೆ ಸಿಕ್ಕುವುದು. ಅದನ್ನು ಮೋರಿಗೆ ಬಿಟ್ಟು ಟ್ಯಾಂಕರಿಗೆ ಹಣ ಕೊಡುವುದು ಜಾಣತನವಲ್ಲ.

ಬೆಂಗಳೂರು ಜಲಮಂಡಳಿಯ ಕಾನೂನಿಗೆ ೨೦೦೯ರಲ್ಲಿ ಮಾಡಿದ ತಿದ್ದುಪಡಿಯು ೩೦ಕ್ಕೆ ೪೦ ಅಡಿಯ ನಿವೇಶನದಲ್ಲಿ ಹೊಸದಾಗಿ ಕಟ್ಟುವ ಮನೆಗೂ ಮಳೆನೀರಿನ ಸಂಗ್ರಹವನ್ನು ಕಡ್ಡಾಯ ಮಾಡಿತು. ಕಾನೂನಿಗಾಗಿ ಒಂದು ಕೊಳವೆಯನ್ನು ನೆಟ್ಟು ಕೈತೊಳೆದುಕೊಳ್ಳುವವರು ಬಹಳ. ಹಾಗೆ ಮಾಡದೆ, ತಾರಸಿಯ ನೀರನ್ನು ಸೋಸಿ ಒಂದು ತೊಟ್ಟಿಗೆ ತುಂಬಿಸಿ, ತುಂಬಿ ಹೆಚ್ಚಾದುದನ್ನು ಇಂಗುಬಾವಿಗೆ ಬಿಡಬೇಕು. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಉಂಗುರದ ಬಾವಿಯೊಂದು ಸುಮಾರು ನಾಲ್ಕು ಸಾವಿರ ಲೀಟರು ಹಿಡಿಯುವುದು. ಎಂದರೆ ಮೇಲೆ ಹೇಳಿದ ತಾರಸಿಯ ಮೇಲೆ ೪೦ ಮಿಲಿಮೀಟರಿನ ದೊಡ್ಡ ಮಳೆ ಸುರಿದರೂ ಆ ನೀರೆಲ್ಲವನ್ನೂ ಅದೊಂದೇ ನುಂಗಬಲ್ಲುದು. ಮನೆ ಕಟ್ಟುವಾಗ ಇದನ್ನು ತೋಡುವುದು ಸುಲಭ. ಅಂಗಳಕ್ಕೆ ಕಲ್ಲು ಹಾಸಿ, ಕಾಂಪೌಂಡು ಎದ್ದ ಮೇಲೆ ತೋಡುವುದೆಂದರೆ ಎರಡು ಸಲದ ಖರ್ಚು. ಬಚ್ಚಲ ನೀರನ್ನಾಗಲಿ ಪಾತ್ರೆ ತೊಳೆದ ನೀರನ್ನಾಗಲಿ ಇದಕ್ಕೆ ಎಂದಿಗೂ ಸೇರಿಸಕೂಡದು. ಒಳಚರಂಡಿಯಿಲ್ಲದ ಊರಿನಲ್ಲಿ ಶೌಚಗುಂಡಿಯು ಕುಡಿಯುವ ನೀರಿನ ಬಾವಿಯಿಂದ ೧೮ ಮೀಟರಿಗೆ, ಎಂದರೆ ಸುಮಾರು ಅರುವತ್ತು ಅಡಿಗೆ, ಕಡಿಮೆಯಿಲ್ಲದಂತೆ ದೂರವಿರಬೇಕು. ನೆರೆಯವರ ಬಾವಿಯೂ ಈ ಲೆಕ್ಕಕ್ಕೆ ಸೇರಿದೆಯೆಂಬುದನ್ನು ಮರೆಯಬಾರದು.

ಇಲ್ಲಿಯೇ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕಟ್ಟಡದ ನೀರಿಗಾಗಿ ಮೊಟ್ಟಮೊದಲು ತೋಡುವ ತೊಟ್ಟಿಗೆ ಕೊಟ್ಟಕೊನೆಗೆ ಮುಚ್ಚಳ ಬರುವುದು ನಮ್ಮಲ್ಲಿ ರೂಢಿ. ಕೆಲಸದವರ ಮಕ್ಕಳು ಅದರ ಸುತ್ತಲೇ ಆಡುತ್ತಿರುತ್ತಾರೆ. ಇಂಥ ತೊಟ್ಟಿಗಳಲ್ಲಿ ಬಿದ್ದು ಮಕ್ಕಳು ಪ್ರಾಣ ಬಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಮತ್ತೆಮತ್ತೆ ಬರುತ್ತದೆ. ತೊಟ್ಟಿಯು ಮುಗಿದ ದಿನವೇ ಅದಕ್ಕೆ ಭಾರವಾದ ಮುಚ್ಚಳವೂ ಬೀಗವೂ ಬರಲಿ. ಬೇರೆ ಯಾವ ಲೋಪವನ್ನಾದರೂ ಹಣದಿಂದ ಸರಿಪಡಿಸಬಹುದು. ಇದನ್ನು ಮಾತ್ರ ಸರಿಪಡಿಸಲಾಗದು.

ಮೂರನೆಯದು ಬಿಸಿಲು ಮತ್ತು ಗಾಳಿ. ಕಟ್ಟಿದ ಮನೆಯನ್ನು ತಿರುಗಿಸಿಡಲು ಯಾರಿಂದಲೂ ಆಗದು. ಬೆಂಗಳೂರು ಮೈಸೂರುಗಳ ಸೀಮೆಯಲ್ಲಿ ಏಪ್ರಿಲ್ ತಿಂಗಳ ಉತ್ತರಾರ್ಧದಲ್ಲೊಮ್ಮೆ, ಆಗಸ್ಟಿನ ಉತ್ತರಾರ್ಧದಲ್ಲೊಮ್ಮೆ ಸೂರ್ಯನು ನಡುಹಗಲಿನಲ್ಲಿ ನೆತ್ತಿಯ ಮೇಲೆಯೇ ನಿಲ್ಲುವನು. ಆದುದರಿಂದ ಬೇಸಿಗೆಯ ಶಾಖದ ಹೆಚ್ಚಿನ ಪಾಲು ತಾರಸಿಯ ಮೂಲಕವೂ, ಮಧ್ಯಾಹ್ನದ ಮೇಲೆ ಪಡುವಣ ಗೋಡೆಯ ಮೂಲಕವೂ ಒಳಗೆ ಬರುತ್ತದೆ. ಪಡುವಣಕ್ಕೆ ಮೆಟ್ಟಿಲು, ಬಚ್ಚಲು, ಉಗ್ರಾಣಗಳನ್ನಿಟ್ಟು, ಮಲಗುವ ಕೋಣೆಗಳನ್ನು ಮೂಡಣಕ್ಕೋ ಬಡಗಣಕ್ಕೋ ಇಟ್ಟರೆ ರಾತ್ರಿಯ ನಿದ್ರೆಗೆ ಯಂತ್ರದ ತಂಪು ಬೇಡ. ಪ್ರತಿ ಕೋಣೆಗೂ ಎರಡು ಕಡೆಯ ಗೋಡೆಗಳಲ್ಲಿ ಕಿಟಕಿಯಿರಬೇಕು. ಒಂದೇ ಕಿಟಕಿಯಿಂದ ಗಾಳಿಯು ಬರಬಹುದೇ ಹೊರತು ಹಾಯ್ದು ಹೋಗಲಾರದು. ಕರಾವಳಿಯ ಮುಂಗಾರು ಪಡುವಣ ಮತ್ತು ನೈರುತ್ಯದಿಂದ ಹೊಡೆಯುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ ೩೫೦೦ ಮಿಲಿಮೀಟರಿನಷ್ಟು ಮಳೆ. ಅಲ್ಲಿ ಇಳಿಜಾರಿನ ಮಾಡು, ಚಾಚಿದ ಸೂರು, ಪಡುವಣಕ್ಕೆ ಜಗಲಿ, ಇವು ಅಲಂಕಾರವಲ್ಲ, ಗೋಡೆಯ ಕೊಡೆ. ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ತೊಡಗಿಸಿದ ಹೆಂಚಿನ ಕಾರ್ಖಾನೆಯಿಂದ ಹರಡಿದ ಹೆಂಚು ಆ ಸೀಮೆಯಲ್ಲಿ ಇಂದಿಗೂ ಉಳಿದಿರುವುದಕ್ಕೆ ಇದೇ ಕಾರಣ. ಬೆಂಗಳೂರಿನಲ್ಲಿ ಕಂಡ ಚಪ್ಪಟೆ ತಾರಸಿಯನ್ನು ಉಡುಪಿಯಲ್ಲಿ ಕಟ್ಟಿ, ಅದರ ಮೇಲೆ ಮತ್ತೆ ತಗಡಿನ ಚಪ್ಪರವನ್ನು ಹಾಕಿಸಿಕೊಂಡವರು ಎರಡು ಮಾಡುಗಳಿಗೆ ಹಣ ತೆತ್ತವರು.

ನಾಲ್ಕನೆಯದು ಕಾಂಕ್ರೀಟಿನ ಕೆಲಸ. ಕಲಸುವಾಗ ಸುಲಭವಾಗಲೆಂದು ನೀರನ್ನು ಹೆಚ್ಚು ಸುರಿದರೆ ಕಾಂಕ್ರೀಟು ಬಲಗುಂದುವುದು. ಹಾಕಿದ ಮೇಲೆ ನೀರನ್ನು ಕಡಿಮೆ ಕುಡಿಸಿದರೂ ಬಲಗುಂದುವುದು. ಈಗ ಅಂಗಡಿಗಳಲ್ಲಿ ಬಹುವಾಗಿ ಸಿಕ್ಕುವ ಬೂದಿ ಬೆರೆಸಿದ ಸಿಮೆಂಟಿನ ಕೆಲಸಕ್ಕೆ ಹತ್ತು ದಿನಗಳಾದರೂ ಎಡೆಬಿಡದೆ ನೀರು ಹಾಯಿಸಬೇಕು. ಇದನ್ನು ಮೇಸ್ತ್ರಿಗೆ ಒಪ್ಪಿಸಿ ಕೂಡದೆ ಮನೆಯವರೇ ಬೆಳಗು ಸಂಜೆ ನೋಡಿಕೊಳ್ಳುವುದು ಉತ್ತಮ. ಹಣವಿಲ್ಲದೆ ಮನೆಗೆ ಬಲ ಕೊಡುವ ಕೆಲಸ ಇದೊಂದೇ. ತಾರಸಿಗೆ ಹತ್ತು ಅಡಿಗೆ ಒಂದೂವರೆ ಅಂಗುಲದಷ್ಟು ಇಳಿಜಾರಿರಲಿ. ಕೆಲಸವನ್ನು ಒಪ್ಪಿಕೊಳ್ಳುವ ಮೊದಲು ನಾಲ್ಕು ಕೊಡ ನೀರು ಸುರಿದು, ಅದು ಎಲ್ಲಿಯೂ ನಿಲ್ಲದೆ ಕೊಳವೆಯತ್ತ ಓಡುವುದೇ ಎಂದು ನೋಡಿಕೊಳ್ಳಬೇಕು.

ಐದನೆಯದು ಹಿತ್ತಲು ಮತ್ತು ಅಂಗಳ. ಇದನ್ನು ಎಲ್ಲರೂ ಕೊನೆಗೆ ಇಟ್ಟುಕೊಳ್ಳುತ್ತಾರೆ. ನಮ್ಮ ಸೂತ್ರದಂತೆ ಇದು ಮೊದಲಿಗೇ ಬರಬೇಕು. ಏಕೆಂದರೆ ಕಲ್ಲನ್ನೂ ಮರಳನ್ನೂ ನಾಳೆ ಕೊಳ್ಳಬಹುದು, ಮರದ ವಯಸ್ಸನ್ನು ಕೊಳ್ಳಲಾಗದು. ಪಾಯ ತೋಡುವ ಮುನ್ನ ನಿವೇಶನದ ಮೇಲಿನ ಆರಂಗುಲದ ಒಳ್ಳೆಯ ಮಣ್ಣನ್ನು ಹೆರೆದು ಒಂದು ಮೂಲೆಯಲ್ಲಿ ಗುಡ್ಡೆ ಹಾಕಿಸಿರಿ. ಇಲ್ಲವಾದರೆ ಅದು ಅಗೆದ ಮಣ್ಣಿನ ಕೆಳಗೆ ಹೂತು ಹೋಗಿ, ಮೇಲೆ ಸಿಮೆಂಟಿನ ಚೂರೂ ಗಾರೆಯ ಕಸವೂ ಉಳಿಯುತ್ತವೆ. ಆ ನೆಲದಲ್ಲಿ ತುಳಸಿಯೂ ಸೊರಗುತ್ತದೆ. ಮೊದಲ ಮಳೆಗಾಲದಲ್ಲಿಯೇ, ಗೋಡೆಗಳು ಏಳುತ್ತಿರುವಾಗಲೇ, ಕೆಲಸದವರ ಓಡಾಟ ತಾಗದ ಮೂಲೆಯಲ್ಲಿ ಗಿಡಗಳನ್ನು ನೆಟ್ಟು ಬೇಲಿ ಕಟ್ಟಿದರೆ, ಗೃಹಪ್ರವೇಶದ ಹೊತ್ತಿಗೆ ಅವು ಆಳೆತ್ತರವಾಗಿರುತ್ತವೆ.

ಯಾವುದನ್ನು ಎಲ್ಲಿ ನೆಡಬೇಕೆಂಬುದೂ ತಿದ್ದಲಾಗದ ನಿಶ್ಚಯವೇ. ಆಲ, ಅರಳಿ, ಅತ್ತಿಗಳ ಬೇರು ಪಾಯಕ್ಕೂ ಮೋರಿಗೂ ಶತ್ರು. ನುಗ್ಗೆಯ ಕೊಂಬೆ ಪೆಡಸು, ಗಾಳಿಗೆ ಮುರಿದು ಬೀಳುವುದು. ಅದನ್ನು ಬಾಗಿಲ ಬಳಿ ನೆಡಬಾರದು. ತೆಂಗಿನ ಸಸಿಗೆ ಇಪ್ಪತ್ತೈದು ಅಡಿಯ ಅಂತರ ಬೇಕು. ಅದರ ಕೆಳಗೆ ಹೆಂಚಾಗಲಿ ಕಾರಾಗಲಿ ಮಕ್ಕಳ ಆಟದ ಜಾಗವಾಗಲಿ ಇರಕೂಡದು. ಎರೆಭೂಮಿಯಲ್ಲಿ ದೊಡ್ಡ ಮರವು ಬುಡದ ನೀರನ್ನು ಹೀರಿ ನೆಲವನ್ನು ಇನ್ನೂ ಕುಗ್ಗಿಸುವುದರಿಂದ ಅದನ್ನು ಗೋಡೆಯಿಂದ ದೂರದಲ್ಲಿಯೇ ಇಡಬೇಕು. ಮೂವತ್ತು ನಾಲ್ವತ್ತರ ಸಣ್ಣ ನಿವೇಶನದವರು ನಿರಾಶರಾಗಬೇಕಾಗಿಲ್ಲ. ಕರಿಬೇವು, ನಿಂಬೆ, ದಾಳಿಂಬೆ, ಪಾರಿಜಾತಗಳು ಸಣ್ಣ ಜಾಗದಲ್ಲಿ ಸುಖವಾಗಿ ಬೆಳೆಯುವುವು. ಪಡುವಣ ಗೋಡೆಯ ಮುಂದೆ ಚಪ್ಪರಕ್ಕೆ ಹಬ್ಬಿಸಿದ ಮಲ್ಲಿಗೆಯ ಬಳ್ಳಿಯೊಂದು ಸಂಜೆಯ ಬಿಸಿಲನ್ನು ತಡೆಯುವುದು. ಬಚ್ಚಲ ನೀರಿಗೆ ಎರಡು ಬಾಳೆಯ ಬುಡಗಳು ಸಾಕು. ಅಂಗಳಕ್ಕೆಲ್ಲ ಸಿಮೆಂಟು ಬಳಿಯದೆ, ನಡೆಯುವ ದಾರಿಗೆ ಮಾತ್ರ ಕಲ್ಲು ಹಾಸಿ, ಉಳಿದುದನ್ನು ಮಣ್ಣಾಗಿಯೇ ಬಿಡಬೇಕು. ನೆಲಕ್ಕೂ ಉಸಿರಾಡಲು ಜಾಗ ಬೇಕು.

ಕಾಯಬಲ್ಲ ವಸ್ತುಗಳ ಪಟ್ಟಿಯು ಉದ್ದವಾಗಿದೆ. ಬೆಲೆಬಾಳುವ ನೆಲಹಾಸು, ಗೋಡೆಯ ಕಪಾಟುಗಳು, ಮಾಳಿಗೆಯ ಕೆಳಗಿನ ಅಲಂಕಾರ, ಮುಖಕ್ಕೆ ಅಂಟಿಸುವ ಕಲ್ಲು, ಗೇಟಿನ ವೈಭವ, ಬಣ್ಣ. ಹೊಸ ಗಾರೆಯು ಚೆನ್ನಾಗಿ ಒಣಗದೆ ಬಳಿದ ಬಣ್ಣ ಹೇಗೂ ನಿಲ್ಲದು; ಮೊದಲ ವರ್ಷಕ್ಕೆ ಸುಣ್ಣವೇ ಸಾಕು. ಬರಿಯ ಗೋಡೆಯ ಮನೆಯಲ್ಲಿ ಗೃಹಪ್ರವೇಶ ಮಾಡಿದರೆ ನೆಂಟರು ಏನೆಂದಾರು ಎಂಬ ಅಳುಕು ಸಹಜವೇ. ನೆಂಟರು ಒಂದು ಹೊತ್ತು ಉಂಡು ಹೋಗುವರು. ಸಾಲದ ಕಂತು ಇಪ್ಪತ್ತು ವರ್ಷ ಮನೆಯಲ್ಲಿಯೇ ಇರುವುದು.

ಕೊನೆಯದಾಗಿ, ಮನೆಯನ್ನು ಇಂದಿನ ತಮ್ಮ ವಯಸ್ಸಿಗೆ ಮಾತ್ರ ಕಟ್ಟಿಕೊಳ್ಳಬಾರದು. ನೆಲಮಟ್ಟದಲ್ಲಿ ಒಂದು ಮಲಗುವ ಕೋಣೆ, ಅದಕ್ಕೆ ಹೊಂದಿದ ಜಾರದ ನೆಲದ ಬಚ್ಚಲು, ಗಾಲಿಕುರ್ಚಿಯು ತಡೆಯಿಲ್ಲದೆ ಹಾಯುವಷ್ಟು ಅಗಲದ ಬಾಗಿಲು, ಇವು ಇರಲೇಬೇಕು. ಇಂದು ತಾಯಿತಂದೆಗಳಿಗೆ ಬೇಕಾಗುವ ಆ ಕೋಣೆಯು ನಾಳೆ ಯಜಮಾನ ದಂಪತಿಗಳಿಗೇ ಬೇಕಾಗುವುದು. ಅರುವತ್ತೈದರ ವಯಸ್ಸಿನಲ್ಲಿ ಮಂಡಿ ಹಿಡಿದುಕೊಂಡು ತಮ್ಮ ಸ್ವಂತ ಮನೆಯ ಮೆಟ್ಟಿಲನ್ನು ಏರಲಾರದೆ ಬಾಡಿಗೆಯ ಮನೆಯನ್ನು ಹುಡುಕುವಂತಾದರೆ, ಆ ಮನೆಯನ್ನು ಯಾರಿಗಾಗಿ ಕಟ್ಟಿದಂತಾಯಿತು?

ವಾಚಕರು ಗುದ್ದಲಿಪೂಜೆಗೆ ಮೊದಲು ಈ ಎರಡು ಪಟ್ಟಿಗಳನ್ನು ಬರೆದಿಟ್ಟುಕೊಂಡು, ಗುತ್ತಿಗೆದಾರನೊಡನೆ ಮಾತಾಡುವಾಗ ಎದುರಿಗಿಟ್ಟುಕೊಳ್ಳಬೇಕೆಂದು ನಮ್ಮ ಸೂಚನೆ. ಹಣವು ಸಾಲದೆ ಬಂದಾಗ, ಅದು ಎಲ್ಲರಿಗೂ ಬಂದೇ ಬರುವುದು, ಯಾವ ಪಟ್ಟಿಯಿಂದ ಕತ್ತರಿಸಬೇಕೆಂಬುದು ಆಗ ತಾನಾಗಿಯೇ ತಿಳಿಯುವುದು.